ಮೂರು ರೂಪಾಯಿ ದಾನ, ಮುನ್ನೂರು ಫಾರ್ವರ್ಡು

ಬಿಲ್ಲು 497. ‘ಮೂರು ರೂಪಾಯಿ ಮಕ್ಕಳ ಊಟಕ್ಕೆ ಹಾಕ್ಲಾ ಸರ್?’ ಹಿಂದೆ ಕ್ಯೂನಲ್ಲಿ ಆರು ಜನ, ಒಬ್ಬರ ಕೈಲಿ ಕರಗ್ತಿರೋ ಐಸ್‌ಕ್ರೀಂ. ಬೇಡ ಅನ್ನೋಕೆ ಬಾಯಿ ಬರುತ್ತಾ? ಮನೆ ಮುಟ್ಟೋದ್ರೊಳಗೆ ಫ್ಯಾಮಿಲಿ ಗ್ರೂಪ್‌ನಲ್ಲಿ ಮತ್ತದೇ ಫಾರ್ವರ್ಡ್: ‘ನಿಮ್ಮ ದಾನ ತೋರಿಸಿ ಅಂಗಡಿಯವರು ಟ್ಯಾಕ್ಸ್ ಉಳಿಸ್ತಿದ್ದಾರೆ, ಎಲ್ಲರಿಗೂ ಕಳಿಸಿ!’ ಅಲ್ಲ ಸ್ವಾಮಿ, ಆ ದುಡ್ಡು ಅಂಗಡಿಯ ಆದಾಯಕ್ಕೇ ಸೇರದೆ ನೇರ ಸಂಸ್ಥೆಗೆ ದಾಟಿದರೆ, ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯೋಕೆ ಏನಿರುತ್ತೆ? ದಾನಕ್ಕೆ ಆದಾಯ ತೆರಿಗೆ ವಿನಾಯ್ತಿ ಸಿಗೋದು ಹೆಸರು, ಪ್ಯಾನ್ ಕೊಟ್ಟು ರಸೀದಿ ಪಡೆದ ದಾನಿಗೆ. ನಗದು 2000 ದಾಟಿದರೆ ಅದೂ ಇಲ್ಲ. ಬಿಲ್ಲಲ್ಲಿ ದಾನಕ್ಕೆ ಬೇರೆ ಸಾಲಿದೆಯಾ, ಸಂಸ್ಥೆಯ ಹೆಸರಿದೆಯಾ? ಯಾರು ನೋಡ್ತಾರೆ! ಸೆಕ್ಯುರಿಟಿ ತೂತು ಹೊಡೆದ ಬಿಲ್ಲು ಬಾಗಿಲಲ್ಲೇ ಕಸದ ಬುಟ್ಟಿಗೆ, ಫಾರ್ವರ್ಡ್ ಮಾತ್ರ ಐದನೇ ಗ್ರೂಪ್‌ಗೆ.