ಪೈನ್ ಮರದ ವೇಷ ಹಾಕಿದ ಟವರ್: ಬಡಾವಣೆಗೆ ಬಿಡಬೇಕೇ, ಬೇಡವೇ?

ರಾಸ್‌ವೆಲ್ ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಊರು. ಚಾಟಹೂಚಿ ನದಿಯ ದಂಡೆ, ಎತ್ತರದ ಪೈನ್ ಮರಗಳು, ಮರಗಳ ಸಂದಿಯಲ್ಲಿ ಮನೆಗಳು. ಈ ಭಾಗದಲ್ಲಿ ಕನ್ನಡದವರ ಮನೆಗಳೂ ಸಾಕಷ್ಟಿವೆ. ನಮ್ಮದೂ ಅಲ್ಲಿಂದ ಸ್ವಲ್ಪ ದೂರದಲ್ಲೇ ಇದೆ.

2010ರ ಫೆಬ್ರವರಿಯಲ್ಲಿ ಟಿ-ಮೊಬೈಲ್ ಕಂಪನಿ ಇಲ್ಲಿಯ ಒಂದು ಬಡಾವಣೆಯ 2.8 ಎಕರೆ ಖಾಲಿ ಜಾಗದಲ್ಲಿ 108 ಅಡಿ ಎತ್ತರದ ಮೊಬೈಲ್ ಟವರ್ ಕಟ್ಟಲು ಅರ್ಜಿ ಹಾಕಿತು. ಊರಲ್ಲಿ ನಾವು ನೋಡುವ ಕೆಂಪು-ಬಿಳಿ ಕಬ್ಬಿಣದ ಜಾಲರಿ ಅಲ್ಲ. ಪೈನ್ ಮರದ ಹಾಗೆ ಕಾಣುವ ಕಂಬ. ನಗರದ ಯೋಜನಾ ವಿಭಾಗದವರು ಒಂದಿಷ್ಟು ಷರತ್ತು ಹಾಕಿ ಅನುಮತಿ ಕೊಡಬಹುದು ಅಂದರು. ಏಪ್ರಿಲ್ 12ರಂದು ನಗರಸಭೆ ಸುಮಾರು ಎರಡು ಗಂಟೆ ಎಲ್ಲರ ಮಾತು ಕೇಳಿತು. ಕೊನೆಗೆ ಒಮ್ಮತದಿಂದ ಬೇಡ ಅಂತು. ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಒಂದು ಮರದ ವೇಷಕ್ಕೆ ಐದು ವರ್ಷ ಕೋರ್ಟು! ಆದರೂ ಪ್ರಶ್ನೆ ಸಣ್ಣದಲ್ಲ. ಎರಡೂ ಕಡೆಯ ವಾದ ನಾನೇ ಬರೆದಿದ್ದೇನೆ. ಯಾವ ಕಡೆ ಬರೆಯುವಾಗ ಕೈ ಹಗುರವಾಗಿತ್ತು ಅನ್ನುವುದು ಓದುವವರಿಗೆ ಗೊತ್ತಾದೀತು.

ಪರ: ನಿಲ್ಲಿಸಲಿ ಬಿಡಿ

ಮಲೆನಾಡಿನವರಿಗೆ ಈ ಜಗಳ ವಿಚಿತ್ರ ಅನ್ನಿಸಬಹುದು. ಕೊರೊನಾ ಕಾಲದಲ್ಲಿ ಅಲ್ಲಿಯ ಮಕ್ಕಳು ಆನ್‌ಲೈನ್ ಪಾಠ ಕೇಳಲು ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿ ಕೂತಿದ್ದರು. ಅವರು ಟವರ್ ಕೊಡಿ ಕೊಡಿ ಅಂತ ಅರ್ಜಿ ಬರೆದೇ ಸುಸ್ತಾದವರು. ಇಲ್ಲಿ ನೋಡಿದರೆ ಕಂಪನಿಯೇ ಬಾಗಿಲಿಗೆ ಬಂದು ನಿಂತಿದೆ, ಬೇಡ ಅನ್ನುತ್ತಾರೆ.

ಹಾಗಂತ ಇಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿದೆ ಅಂದುಕೊಳ್ಳಬೇಡಿ. ಏರು-ತಗ್ಗಿನ ನೆಲ, ಮೇಲೆ ದಟ್ಟ ಮರ. ಎಲೆ ತುಂಬಿದ ಮರ ಸಿಗ್ನಲ್ ನುಂಗುತ್ತದೆ. ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿದರೆ ಫೋನು ಸತ್ತ ಹಾಗೆ. ಸಾಗರದಿಂದ ಅಮ್ಮ ಫೋನ್ ಮಾಡಿ, "ಸ್ವಿಚ್ ಆಫ್ ಬರ್ತಿತ್ತಲ್ಲೋ, ಏನಾಯ್ತು?" ಅಂತ ಗಾಬರಿಯಾಗುವುದು ವಾರಕ್ಕೊಮ್ಮೆಯಾದರೂ ಇದ್ದದ್ದೇ. ಅದೇನೋ ಸಹಿಸಬಹುದು. ಅದೇ ಬೇಸ್‌ಮೆಂಟಿನಲ್ಲಿ ಯಾರಾದರೂ ಜಾರಿ ಬಿದ್ದು, ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಬೇಕಾದಾಗ?

ಮೊದಲಾದರೆ ಗೋಡೆಗೊಂದು ಲ್ಯಾಂಡ್‌ಲೈನ್ ಇರುತ್ತಿತ್ತು. ಈ ಅರ್ಜಿ ಬಂದ 2010ರಲ್ಲೇ ಅಮೆರಿಕದ ಸುಮಾರು ನಾಲ್ಕರಲ್ಲಿ ಒಂದು ಮನೆಯಲ್ಲಿ ಮೊಬೈಲ್ ಬಿಟ್ಟು ಬೇರೆ ಫೋನ್ ಇರಲಿಲ್ಲ. ಈಗ ಹತ್ತು ಜನ ದೊಡ್ಡವರಲ್ಲಿ ಏಳಕ್ಕಿಂತ ಜಾಸ್ತಿ ಮಂದಿ ಅಂಥ ಮನೆಗಳಲ್ಲಿದ್ದಾರೆ. ಟವರ್ ಈಗ ನೀರಿನ ಟ್ಯಾಂಕ್, ಕರೆಂಟ್ ಕಂಬದ ಸಾಲಿಗೆ ಸೇರಿದ ವಸ್ತು. ಕರೆಂಟ್ ಕಂಬ ಚೆಂದ ಇದೆಯೇ ಅಂತ ಯಾರಾದರೂ ಕೇಳುತ್ತಾರೆಯೇ?

ಚೆಂದದ ಮಾತಿಗೂ ಇಲ್ಲಿ ಉತ್ತರ ಇತ್ತು. ಬಡಾವಣೆಯೊಳಗೆ ಟವರ್ ಬರಬೇಕಾದರೆ ಅದು ಬೇರೆ ಏನಾದರೂ ಆಗಿ ಕಾಣಬೇಕು ಅಂತ ರಾಸ್‌ವೆಲ್‌ನ ನಿಯಮವೇ ಹೇಳುತ್ತಿತ್ತು. ಕೃತಕ ಮರ, ಗಡಿಯಾರದ ಗೋಪುರ, ಚರ್ಚಿನ ಶಿಖರ, ದೀಪದ ಕಂಬ, ಹೀಗೆ. ಕಂಪನಿ ಪಟ್ಟಿಯಲ್ಲಿದ್ದ ಮರವನ್ನೇ ಆರಿಸಿಕೊಂಡು ಬಂತು. ಆಗ ನಗರಸಭೆ, ಇದು ಸುತ್ತಲಿನ ಜಾಗಕ್ಕೆ ಹೊಂದುವುದಿಲ್ಲ ಅಂತು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಗೆಜ್ಜೆ ಕಟ್ಟಿಕೊಂಡು ಬಂದವನಿಗೆ ರಂಗಸ್ಥಳಕ್ಕೆ ಬಿಡುವುದಿಲ್ಲ ಅಂದ ಹಾಗಾಯಿತು.

ಸದಸ್ಯರು ಆಡಿದ ಬೇರೆ ಮಾತುಗಳನ್ನೂ ನೋಡಿ. ಬೇರೆ ಕಂಪನಿಗಳ ಸಿಗ್ನಲ್ ಇಲ್ಲಿ ಚೆನ್ನಾಗಿಯೇ ಇದೆ, ಇವರನ್ನು ಅವರ ಸಮಕ್ಕೆ ತರುವುದು ನಮ್ಮ ಕೆಲಸ ಅಲ್ಲ ಅಂದರು ಒಬ್ಬರು. ಆದರೆ ಕಂಪನಿ-ಕಂಪನಿ ನಡುವೆ ಸುಮ್ಮನೆ ಭೇದ ಮಾಡಬಾರದು ಅಂತ 1996ರ ಟೆಲಿಕಾಂ ಕಾಯ್ದೆಯಲ್ಲೇ ಇದೆ. ಇನ್ನೊಬ್ಬರಿಗೆ ಜನರೇಟರ್ ಇಲ್ಲವಲ್ಲ ಅನ್ನುವ ಚಿಂತೆ. ಜನರೇಟರ್ ಇಡಿ ಅಂತ ಒಂದು ಷರತ್ತು ಬರೆದಿದ್ದರೆ ಮುಗಿಯುತ್ತಿತ್ತು.

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವರ್ ಅಂದರೆ ಜನರಿಗೆ ಮೊದಲು ಹೆದರಿಕೆ ರೇಡಿಯೇಷನ್‌ನದು. ಆದರೆ ಕೇಂದ್ರ ಸರ್ಕಾರದ ಸಂಪರ್ಕ ಆಯೋಗ ಎಫ್‌ಸಿಸಿ ಹಾಕಿದ ಮಿತಿಯೊಳಗಿದ್ದರೆ ರೇಡಿಯೇಷನ್ ಕಾರಣ ಕೊಟ್ಟು ಟವರ್ ತಡೆಯಲು ಊರಿನ ಸಭೆಗೆ ಅದೇ 1996ರ ಕಾಯ್ದೆ ಬಿಡುವುದಿಲ್ಲ. ವಕೀಲರು ಇದನ್ನು ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಹೊಟ್ಟೆಯೊಳಗಿನ ಹೆದರಿಕೆ ನಾಲಿಗೆಗೆ ಬರುವಾಗ 'ಚೆಂದ' ಆಗಿಬಿಡುತ್ತದೆ. ಮರಕ್ಕೂ ವೇಷ, ತಕರಾರಿಗೂ ವೇಷ. ಚೆಂದ ಅನ್ನುವುದನ್ನು ಅಳೆಯಲು ಟೇಪು ಇಲ್ಲವಲ್ಲ, ಎಷ್ಟು ಬೇಕಾದರೂ ಎಳೆಯಬಹುದು.

ಅನುಮಾನ ಇದ್ದರೆ ನಗರಸಭೆ ಕಳಿಸಿದ ಹಿಂಬರಹ ನೋಡಿ. ಸಭೆಯಾಗಿ ಎರಡು ದಿನಕ್ಕೆ ಕಂಪನಿಗೆ ಪತ್ರ ಹೋಯಿತು. ಅರ್ಜಿ ತಿರಸ್ಕರಿಸಿದ್ದೇವೆ, ಸಭೆಯ ನಡಾವಳಿ ಬೇಕಿದ್ದರೆ ಗುಮಾಸ್ತರ ಹತ್ತಿರ ತೆಗೆದುಕೊಳ್ಳಿ ಅಂತಷ್ಟೇ. ಕಾರಣ ಒಂದು ಸಾಲೂ ಇಲ್ಲ. ಪೂರ್ತಿ ನಡಾವಳಿ ಕೈಗೆ ಸಿಗುವಂತಾದದ್ದು ಪತ್ರದ 26 ದಿನಗಳ ನಂತರ. ಕೋರ್ಟಿಗೆ ಹೋಗಲು ಇದ್ದ ಗಡುವೇ 30 ದಿನ. 2015ರ ಜನವರಿ 14ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಇದನ್ನೇ ತಪ್ಪು ಅಂತು. ತೀರ್ಪು ಬರೆದವರು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್. ಕಾರಣ ಪತ್ರದಲ್ಲೇ ಇರಬೇಕೆಂದಿಲ್ಲ, ಆದರೆ ಬರಹದಲ್ಲಿ ಇರಬೇಕು, ಹೆಚ್ಚುಕಮ್ಮಿ ಪತ್ರದ ಹೊತ್ತಿಗೇ ಸಿಗಬೇಕು. ಎರಡು ಗಂಟೆ ಕೂತು ತೀರ್ಮಾನ ಮಾಡಿದವರಿಗೆ ನಾಲ್ಕು ಸಾಲು ಬರೆಯಲು ಏನು ಕಷ್ಟವಿತ್ತು?

ವಿರೋಧ: ಬೇಡ ಅನ್ನುವ ಹಕ್ಕು ಊರಿಗಿರಲಿ

ಮೊದಲು ಈ ಮರವನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆದ್ದಾರಿಯಲ್ಲಿ ಕಾರಿನೊಳಗಿಂದ ನೋಡಿದರೆ ಸಾಲದು, ಬುಡಕ್ಕೆ ಹೋಗಿ ನಿಲ್ಲಿ. ಸುತ್ತ ಬೇಲಿ, ಬೀಗ, ಎಚ್ಚರಿಕೆಯ ಫಲಕ. ಒಳಗೆ ಗುಂಯ್ ಅನ್ನುವ ಪೆಟ್ಟಿಗೆಗಳು. ಕಾಂಡ ಉಕ್ಕಿನದು, ಮೇಲೆ ತೊಗಟೆಯ ಹಾಗೆ ಕಾಣುವ ಲೇಪ. ಬುಡದಿಂದ ಅಷ್ಟೆತ್ತರದವರೆಗೆ ಒಂದು ಕೊಂಬೆಯೂ ಇರುವುದಿಲ್ಲ. ಮೇಲಿನ ಕೊಂಬೆಗಳು ಒಂದೊಂದೂ ತೂತಿಗೆ ಸಿಕ್ಕಿಸಿದವು, ಸೂಜಿಯಂಥ ಎಲೆಗಳು ಪ್ಲಾಸ್ಟಿಕ್. ಆಂಟೆನಾಗಳಿಗೆ ಹಸಿರು ಎಲೆಯ ಚೀಲ ತೊಡಿಸಿರುತ್ತಾರೆ. ಕೆಲಸದವರು ಅದನ್ನು ಕಾಲುಚೀಲ ಅಂತಲೇ ಕರೆಯುತ್ತಾರೆ. ಕೊಂಬೆ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ. ಹಾಗಾಗಿ ಅರ್ಜಿಯ ಚಿತ್ರದಲ್ಲಿ ತುಂಬಿಕೊಂಡಿದ್ದ ಮರ ನೆಲಕ್ಕೆ ಬರುವ ಹೊತ್ತಿಗೆ ಬಾಟಲಿ ತೊಳೆಯುವ ಬ್ರಷ್ ಆದರೆ ಆಶ್ಚರ್ಯವಿಲ್ಲ.

ಈ ವಿದ್ಯೆ ಶುರುವಾದದ್ದು 1992ರಲ್ಲಿ. ಮೃಗಾಲಯ, ಮ್ಯೂಸಿಯಂಗಳಿಗೆ ಕೃತಕ ಬಂಡೆ, ಮರ ಮಾಡಿಕೊಡುತ್ತಿದ್ದ ಅರಿಜೋನಾದ ಲಾರ್ಸನ್ ಕಂಪನಿ ಡೆನ್ವರ್‌ನಲ್ಲಿ ಮೊದಲ ಪೈನ್ ಟವರ್ ನಿಲ್ಲಿಸಿತು. ಮೃಗಾಲಯದಲ್ಲಿ ಅಂಥ ಮರ ನೋಡುವುದು ಹತ್ತು ನಿಮಿಷ. ಬಡಾವಣೆಯವರು ಅಡುಗೆಮನೆ ಕಿಟಕಿಯಿಂದ ವರ್ಷಗಟ್ಟಲೆ ನೋಡಬೇಕು.

ರಾಸ್‌ವೆಲ್‌ನ ನಿಯಮದಲ್ಲಿ ವೇಷ ಹಾಕಿಕೊಂಡು ಬಂದರೆ ಒಳಗೆ ಬಿಡುತ್ತೇವೆ ಅಂತ ಎಲ್ಲೂ ಇರಲಿಲ್ಲ. ವೇಷ ಆ ಜಾಗಕ್ಕೆ ಹೊಂದಬೇಕು, ಹೊಂದುತ್ತದೆಯೇ ಅಂತ ಹೇಳುವವರು ನಗರಸಭೆಯವರು ಅಂತ ಇತ್ತು. ಚೌಕಿಯಲ್ಲಿ ಬಣ್ಣ ಹಚ್ಚಿದ ಮಾತ್ರಕ್ಕೆ ಪಾತ್ರ ಸಿಗುವುದಿಲ್ಲ, ಅಲ್ವಾ? ಅವತ್ತಿನ ಪ್ರಸಂಗದಲ್ಲಿ ಆ ಪಾತ್ರ ಇರಬೇಕು. 108 ಅಡಿ ಅಂದರೆ ಹತ್ತು ಮಹಡಿಯ ಕಟ್ಟಡದಷ್ಟು. ಆಂಟೆನಾ ಕೆಲಸ ಮಾಡಬೇಕಾದರೆ ಅದು ಮರಗಳ ನೆತ್ತಿಗಿಂತ ಮೇಲಿರಬೇಕು. ಅಂದರೆ ಈ ಮರ ಸುತ್ತಲಿನ ಮರಗಳಲ್ಲಿ ಬೆರೆತುಹೋಗುವ ಹಾಗೇ ಇಲ್ಲ. ಬೆರೆತರೆ ಸಿಗ್ನಲ್ ಇಲ್ಲ, ಸಿಗ್ನಲ್ ಬೇಕಾದರೆ ತಲೆ ಎತ್ತಿ ನಿಲ್ಲಬೇಕು.

ಚೆಂದವನ್ನು ಕಾರಣವಾಗಿ ಕೊಡುವುದು ನೆಪ ಅನ್ನುವವರು ಪಾಲೋಸ್ ವರ್ಡಿಸ್ ಎಸ್ಟೇಟ್ಸ್ ಕತೆ ಕೇಳಬೇಕು. ಲಾಸ್ ಏಂಜಲೀಸ್ ಪಕ್ಕದಲ್ಲಿ, ಸಮುದ್ರದ ಅಂಚಿಗೆ ಗುಡ್ಡದ ಮೇಲಿರುವ ಊರು ಅದು. ಜನ ಅಲ್ಲಿ ಮನೆ ಕೊಳ್ಳುವುದೇ ಆ ನೋಟಕ್ಕೆ. ಸ್ಪ್ರಿಂಟ್ ಕಂಪನಿ ರಸ್ತೆ ಬದಿ ಹಲವು ಕಡೆ ಆಂಟೆನಾ ಹಾಕಲು ಕೇಳಿದಾಗ ಊರಿನವರು ಎರಡಕ್ಕೆ ಬೇಡ ಅಂದರು. ಒಂದು, ಮನೆಗಳ ನಡುವಿನ ಕಿರಿದಾದ ರಸ್ತೆ. ಇನ್ನೊಂದು, ಊರಿನ ಮುಖ್ಯ ಪ್ರವೇಶದ್ವಾರದಂಥ ಜಾಗ. 2009ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟ್, ಚೆಂದ ಕೆಡುತ್ತದೆ ಅನ್ನುವುದನ್ನು ಊರು ಪರಿಗಣಿಸಬಹುದು ಅಂತು. ರಸ್ತೆ ಅಂದರೆ ಗಾಡಿ ಓಡಾಡುವ ಡಾಂಬರು ಮಾತ್ರ ಅಲ್ಲ ಅನ್ನುವ ತಿಳಿವಳಿಕೆ ಆ ತೀರ್ಪಿನಲ್ಲಿದೆ. ಸುಮ್ನೆ ಇಷ್ಟ ಇಲ್ಲ ಅಂದರೆ ಸಾಲದು, ಆ ಜಾಗಕ್ಕೆ ಏನಾಗುತ್ತದೆ ಅಂತ ತೋರಿಸಬೇಕು. ಅವರು ತೋರಿಸಿದ್ದರು.

ರೇಡಿಯೇಷನ್ ಹೆದರಿಕೆ ವೇಷ ಮರೆಸಿಕೊಂಡು ಬರುತ್ತದೆ ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. ಆದರೆ ಒಂದು ಬಾಗಿಲಿಗೆ ಕಾನೂನೇ ಬೀಗ ಹಾಕಿ, ಇನ್ನೊಂದು ಬಾಗಿಲಿಂದ ಬಂದವನನ್ನು ಕಳ್ಳ ಅಂದರೆ ಹೇಗೆ? ಮನೆ ಮಾರುವಾಗ ಕಿಟಕಿಯ ನೋಟಕ್ಕೆ ಬೆಲೆ ಕಟ್ಟುವವರು ಇದೇ ಊರಿನವರು. ರೇಡಿಯೇಷನ್ ಬಗ್ಗೆ ಒಂದಿಷ್ಟೂ ತಲೆ ಕೆಡಿಸಿಕೊಳ್ಳದವರಿಗೂ ಆ ನೋಟ ಬೇಕು.

ಇನ್ನು ಈ ಮರ ಬೆಳೆಯುತ್ತದೆ. ತಮಾಷೆಗೆ ಹೇಳುತ್ತಿಲ್ಲ. 2012ರಲ್ಲಿ ಅಮೆರಿಕದ ಸಂಸತ್ತು ಇನ್ನೊಂದು ಕಾನೂನು ಮಾಡಿತು. ಈಗಾಗಲೇ ನಿಂತಿರುವ ಟವರ್‌ನ ಗಾತ್ರ ತುಂಬಾ ಬದಲಾಗುವುದಿಲ್ಲ ಅಂತಾದರೆ, ಅದಕ್ಕೆ ಹೊಸ ಆಂಟೆನಾ ಜೋಡಿಸಲು ಊರು ಬೇಡ ಅನ್ನುವಂತಿಲ್ಲ. ತುಂಬಾ ಅಂದರೆ ಎಷ್ಟು ಅಂತ 2014ರಲ್ಲಿ ಎಫ್‌ಸಿಸಿ ಹೇಳಿತು. ಖಾಸಗಿ ಜಾಗದ ಟವರ್ ಆದರೆ ಶೇ 10ರಷ್ಟು ಎತ್ತರ, ಅಥವಾ 20 ಅಡಿವರೆಗೆ ಅಂತರ ಬಿಟ್ಟು ಇನ್ನೊಂದು ಸಾಲು ಆಂಟೆನಾ. ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಹಾಗಾಗಿ 108 ಅಡಿಗೆ ಹೂಂ ಅಂದ ಊರು ಮುಂದೊಂದು ದಿನ ತಲೆ ಎತ್ತಿ ಸುಮಾರು 130 ಅಡಿ ನೋಡಬೇಕಾದೀತು. ವೇಷ ಕೆಡುವಂಥ ಬದಲಾವಣೆ ಮಾಡಬಾರದು ಅಂತಲೂ ಅದರಲ್ಲಿದೆ, ನಿಜ. ವೇಷ ಕೆಟ್ಟಿದೆಯೋ ಇಲ್ಲವೋ ಅಂತ ಆಗ ಮತ್ತೊಂದು ಜಗಳ, ಮತ್ತೆ ವಕೀಲರು. ಆಮೇಲೆ ಬೇಡ ಅನ್ನಲು ದಾರಿ ಇಷ್ಟು ಕಿರಿದಾಗಿರುವಾಗ ಊರು ಮೊದಲ ದಿನವೇ ಗಟ್ಟಿಯಾಗಿ ಯೋಚಿಸುವುದು ಹಟ ಅಲ್ಲ.

ಬಿಸಿಲಿಗೆ ಪ್ಲಾಸ್ಟಿಕ್ ಎಲೆ ಬಣ್ಣ ಬಿಡುತ್ತದೆ, ಉದುರುತ್ತದೆ. ಉದುರಿದ್ದು ಕೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಟಾಹೋ ಸರೋವರದ ಸುತ್ತ ಇಂಥ ಮರಗಳನ್ನು ವಿರೋಧಿಸುವವರ ಒಂದು ದೂರು ಇದೇ.

ಕಾರಣ ಬರೆಯದ ಹಿಂಬರಹ? ಅದು ನಗರಸಭೆಯ ತಪ್ಪೇ, ಸಮರ್ಥಿಸಲು ಹೋಗುವುದಿಲ್ಲ. ಆದರೆ ಅದೇ ತೀರ್ಪಿನಲ್ಲಿ ಭಿನ್ನವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮಾತೂ ಸರಿಯಾಗಿದೆ. ಈ ಕಂಪನಿಗಳೇನು ಗಂಡ-ಹೆಂಡತಿ ನಡೆಸುವ ಬೀದಿ ಅಂಗಡಿಗಳಲ್ಲ, ಸಭೆಗೆಲ್ಲ ಬಂದು ಪೂರ್ತಿ ಭಾಗವಹಿಸುತ್ತವೆ, ಕೊನೆ ಗಳಿಗೆಯಲ್ಲಿ ಕಣ್ಣು ಮುಚ್ಚಿ ತೀರ್ಮಾನ ಮಾಡುವ ಸ್ಥಿತಿ ಅವುಗಳದಲ್ಲ ಅನ್ನುವುದು ಅದರ ಸಾರ. ಇನ್ನೊಂದು ಗಮನಿಸಿ. ಬಹುಮತದ ತೀರ್ಪು ಕೂಡ ಚೆಂದದ ಕಾರಣ ತಪ್ಪು ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ಬರೆದು ಕೊಡಿ ಅಂತು, ಅಷ್ಟೇ.

ಸಿಗ್ನಲ್ ಬೇಡ ಅನ್ನುವವರು ಯಾರೂ ಇಲ್ಲ. ರಸ್ತೆಯ ದೀಪದ ಕಂಬಗಳಿಗೆ ಸಣ್ಣ ಆಂಟೆನಾ ಹಾಕಬಹುದು, ಅಂಗಡಿ ಬೀದಿಯ ಎತ್ತರದ ಕಟ್ಟಡದ ಮೇಲೆ ಹಾಕಬಹುದು. ನಾಲ್ಕು ಕಡೆ ಸಣ್ಣದು ಹಾಕುವುದಕ್ಕಿಂತ ಒಂದು ಕಡೆ ದೊಡ್ಡದು ಹಾಕುವುದು ಕಂಪನಿಗೆ ಸುಲಭ. ಆ ಸುಲಭದ ಲೆಕ್ಕ ನೆರೆಯವರ ಕಿಟಕಿಯಲ್ಲಿ ಬಂದು ನಿಲ್ಲಬೇಕೇ?

ಅಮ್ಮ ಒಂದು ಬೇಸಿಗೆಗೆ ಇಲ್ಲಿ ಬಂದಿದ್ದರು. ನಮ್ಮ ವಾಕಿಂಗ್ ದಾರಿಯಲ್ಲೂ ಇಂಥದ್ದೊಂದು ಮರ ಇದೆ. ಅದು ಟವರ್ ಅಂತ ನಾನು ಹೇಳಿರಲಿಲ್ಲ. ಒಂದು ಸಂಜೆ ಮಳೆ ಬರುವ ಮುಂಚೆ ಗಾಳಿ ಎದ್ದು ಎಲ್ಲ ಪೈನ್‌ಗಳೂ ತೂಗಾಡುತ್ತಿದ್ದವು. ಅಮ್ಮ ನಿಂತು ಮೇಲೆ ನೋಡಿ, "ಅದ್ಯಾಕೋ ಅದೊಂದು ಮರ ಅಲ್ಲಾಡ್ತಾನೇ ಇಲ್ಲ?" ಅಂದರು.