ನೆಲ, ನೀರು, ಇರುಳ ಬಾನು: ಬೆಳೆಯುವ ಗ್ರಾಮೀಣ ಪ್ರದೇಶಕ್ಕೆ ಕಟ್ಟುನಿಟ್ಟಿನ ನಿಯಮ ಬೇಕೇ?

ಪರ: ಕೆರೆದ ಮಣ್ಣು ಮರಳಿ ಬಾರದು

ಪಟ್ಟಣವು ಹಳ್ಳಿಯ ಕಡೆಗೆ ಚಾಚುವಾಗ ಮೊದಲು ಕೈಬಿಟ್ಟುಹೋಗುವುದು ರಸ್ತೆಗೆ ಹತ್ತಿರದ, ಸಮತಟ್ಟಾದ, ನೀರು ಚೆನ್ನಾಗಿ ಬಸಿಯುವ ಹೊಲ. ಉಳುವವನಿಗೆ ಯಾವುದು ಒಳ್ಳೆಯದೋ ಕಟ್ಟುವವನಿಗೂ ಅದೇ ಒಳ್ಳೆಯದು. ಒಂದು ಅಂಗುಲ ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಹಿಡಿಯುತ್ತದೆ, ಅದನ್ನು ಕೆರೆದು ಬದಿಗೆ ಒತ್ತಲು ಜೆಸಿಬಿಗೆ ಒಂದು ಮಧ್ಯಾಹ್ನ ಸಾಕು. ಅಲ್ಲಿ ಕಾಂಕ್ರೀಟು ಬಿದ್ದ ಮೇಲೆ, ನಿಧಾನವಾಗಿ ಇಂಗಿ ಅಂತರ್ಜಲ ಸೇರುತ್ತಿದ್ದ ಮಳೆನೀರು ಒಮ್ಮೆಲೇ ಚರಂಡಿಗೆ ನುಗ್ಗಿ, ಮಳೆಗಾಲದಲ್ಲಿ ತಗ್ಗಿನ ಮನೆಗಳಿಗೆ ಹೊಕ್ಕು, ಬೇಸಿಗೆಯಲ್ಲಿ ಬಾವಿಗೆ ಇಲ್ಲವಾಗುತ್ತದೆ. ಮೊದಲು ಬೆಳೆಯೋಣ, ಆಮೇಲೆ ಸರಿಪಡಿಸೋಣ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಆಮೇಲೆ ಎಂದರೆ ಯಾವಾಗ? ಬಡಾವಣೆಯನ್ನು ಒಡೆದು ಹೊಲ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಇರುಳ ಬಾನನ್ನು ದೀಪಗಳ ಅತಿ ಬೆಳಕಿನಿಂದ ಕಾಯಬೇಕೆಂಬ ಮಾತು ಬಂದಾಗ ಜನ ಅದನ್ನು ಖಗೋಳ ವೀಕ್ಷಕರ ಹವ್ಯಾಸವೆಂದು ತಳ್ಳಿಹಾಕುತ್ತಾರೆ. ನಾನು ಮುಂಜಾನೆ ನಡೆದಾಡುವ ಕೆರೆಯ ಏರಿಯ ಮೇಲೆ ಪ್ರಖರವಾದ ಬಿಳಿ ಎಲ್‌ಇಡಿ ದೀಪಗಳು ಬಂದ ಮೊದಲ ವಾರದಲ್ಲೇ ಕಂಬಗಳ ಬುಡದಲ್ಲಿ ಹುಳುಗಳು ರಾಶಿ ಬೀಳತೊಡಗಿದವು. ಒಂದು ದಿನ ಕುಳಿತು ಎಣಿಸಿದೆ. ಪತಂಗ, ರೆಕ್ಕೆಯಿರುವೆ, ಜೀರುಂಡೆಗಳನ್ನು ಬೇರೆಬೇರೆ ಮಾಡುತ್ತಾ ಇನ್ನೂರು ದಾಟಿದ ಮೇಲೆ ಕೈಬಿಟ್ಟೆ. ನೀರುಜೀರುಂಡೆಗಳು ಕೆರೆಯಿಂದ ಹತ್ತೇ ಹೆಜ್ಜೆ ದೂರದಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು. ಬದುಕಿದ್ದವನ್ನು ಬೊಗಸೆಯಲ್ಲಿ ಒಯ್ದು ನೀರಿಗೆ ಬಿಟ್ಟೆ, ಮರುದಿನ ಮತ್ತೆ ಅಷ್ಟೇ ಬಿದ್ದಿದ್ದವು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀಪ ಹಾಕಿದ ಕಡೆ ರಾತ್ರಿ ಹೊತ್ತು ಹೂವಿಗೆ ಬರುವ ಕೀಟಗಳ ಭೇಟಿ ಶೇ. 62ರಷ್ಟು ಕಡಿಮೆಯಾಗಿತ್ತು. ಪರಾಗಸ್ಪರ್ಶ ಕುಂದಿದರೆ ಫಸಲು ಕುಂದುತ್ತದೆ. ಹಾಗಾಗಿ ಕತ್ತಲೆಯನ್ನು ಕಾಯುವುದು ಕೃಷಿಯ ಕೆಲಸವೂ ಹೌದು.

ನಿಯಮ ಹೇರಿದರೆ ಊರು ಬೆಳೆಯುವುದಿಲ್ಲ ಎಂಬುದು ಹಳೆಯ ಬೆದರಿಕೆ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ನಗರವು 1958ರಲ್ಲೇ ಜಾಹೀರಾತಿನ ಶೋಧದೀಪಗಳನ್ನು ನಿಷೇಧಿಸಿತು, 2001ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶದ ನಗರವೆಂಬ, ಅಂದರೆ ಇರುಳ ಬಾನಿನ ಕತ್ತಲೆ ಕಾಯುವ ಊರೆಂಬ ಮಾನ್ಯತೆ ಪಡೆಯಿತು. 1960ರಿಂದ ಈಚೆಗೆ ಅದರ ಜನಸಂಖ್ಯೆ ನಾಲ್ಕು ಪಟ್ಟಾಗಿದೆ. ದೀಪವೇ ಬೇಡವೆಂದು ಯಾರೂ ಹೇಳುತ್ತಿಲ್ಲ. ಬೆಳಕು ಕೆಳಗಷ್ಟೇ ಬೀಳುವಂತೆ ಮೇಲ್ಭಾಗ ಮುಚ್ಚಿರಲಿ, ಬಣ್ಣ ಹಳದಿಗೆ ಹತ್ತಿರವಿರಲಿ, ನಡುರಾತ್ರಿಯ ನಂತರ ಮಂದವಾಗಲಿ ಎಂದಷ್ಟೇ ಕೇಳುತ್ತಿದ್ದೇವೆ. ಹೊಲವನ್ನು ಹೊಲವಾಗಿಯೇ ಉಳಿಸುವ ನಿಯಮದಿಂದ ಜಮೀನಿನವರಿಗೆ ನಷ್ಟ ಎಂಬ ಮಾತನ್ನು ಗಟ್ಟಿಯಾಗಿ ಆಡುವವರು ಹೆಚ್ಚಾಗಿ ನಿವೇಶನ ಮಾರುವವರು. ಅವರ ಚಿಂತೆ ರೈತನದ್ದಲ್ಲ.

ವಿರೋಧ: ಕಾಪಾಡುವ ಖರ್ಚು ಯಾರದು?

ಈ ಬದಿಯಿಂದ ಬರೆಯಲು ಕೇಳಿದಾಗ ನಾನು ಒಂದೆರಡು ದಿನ ಯೋಚಿಸಿದೆ, ಏಕೆಂದರೆ ಕೆರೆ ಬತ್ತುವುದು ನನಗೂ ಬೇಡ. ಆದರೆ ನಿಯಮದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹೊಲವನ್ನು ಹೊಲವಾಗಿಯೇ ಉಳಿಸಬೇಕೆಂದು ವಿಧಿಸಿದ ದಿನವೇ ಅದರ ಬೆಲೆ ಇಳಿಯುತ್ತದೆ, ಆಗ ಇಳಿಯುವುದು ಒಂದು ಕುಟುಂಬದ ಇಡೀ ಉಳಿತಾಯ.

ನನ್ನ ತಂದೆ ಮೂತ್ರಪಿಂಡದ ಕಾಯಿಲೆಯಿಂದ ಮಲಗಿದಾಗ ನಮ್ಮ ಬಳಿ ಬ್ಯಾಂಕಿನಲ್ಲಿಟ್ಟ ಹಣವಿರಲಿಲ್ಲ, ರಸ್ತೆ ಬದಿಯ ಅರ್ಧ ಎಕರೆ ಇತ್ತು. ಅದನ್ನು ಮಾರಿದೆವು. ಮಾರುವ ಮುನ್ನಾ ದಿನ ತಂದೆ ನನ್ನ ಹೆಗಲು ಹಿಡಿದು ಬದುವಿನ ಉದ್ದಕ್ಕೂ ನಡೆದು, ತಾವೇ ಇಟ್ಟ ಗಡಿಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮಾರಬೇಡ ಎಂದು ಅವರು ಹೇಳಲಿಲ್ಲ. ಆ ಹಣದಿಂದ ಎರಡು ವರ್ಷ ಡಯಾಲಿಸಿಸ್ ನಡೆಯಿತು, ಆ ಎರಡು ವರ್ಷ ಅವರು ನಮ್ಮೊಂದಿಗಿದ್ದರು. ಆ ಜಮೀನಿಗೆ ಆಗ ನಿರ್ಬಂಧವಿದ್ದಿದ್ದರೆ ಕೈಗೆ ಬರುತ್ತಿದ್ದುದು ಅದರಲ್ಲೊಂದು ಪಾಲು ಮಾತ್ರ. ಮಣ್ಣು ಕೂಡಿಬರಲು ನೂರಾರು ವರ್ಷ ಬೇಕೆಂಬುದು ನಿಜವೇ ಆದರೂ ರೋಗಿಯ ಮಂಚದ ಪಕ್ಕದಲ್ಲಿ ಕುಳಿತವನು ಲೆಕ್ಕ ಹಾಕುವುದು ವಾರಗಳಲ್ಲಿ.

ಫ್ಲ್ಯಾಗ್‌ಸ್ಟಾಫಿನ ಉದಾಹರಣೆ ನನಗೆ ಒಗ್ಗುವುದಿಲ್ಲ; ಅಲ್ಲಿ ಪ್ರಸಿದ್ಧ ಖಗೋಳ ವೀಕ್ಷಣಾಲಯವಿತ್ತು, ಕತ್ತಲೆಯಿಂದ ಊರಿಗೆ ಹೆಸರೂ ಬಂತು. ಎಲ್ಲ ಊರಿಗೂ ಆ ಅನುಕೂಲವಿಲ್ಲ. ದೀಪದ ಮೇಲೆ ಮುಚ್ಚಳ ಹಾಕುವುದಕ್ಕೆ ನನ್ನ ತಕರಾರೂ ಇಲ್ಲ, ಅದು ಅಗ್ಗದ ಕೆಲಸ. ಜಮೀನಿನ ವಿಷಯ ಹಾಗಲ್ಲ. ಕೆಲವು ದೇಶಗಳಲ್ಲಿ ಸಾರ್ವಜನಿಕ ಹಣದಿಂದ ರೈತನಿಗೆ ಬೆಲೆ ಕೊಟ್ಟು, ಆ ನೆಲದಲ್ಲಿ ಕಟ್ಟುವ ಹಕ್ಕನ್ನಷ್ಟೇ ಕೊಂಡುಕೊಳ್ಳುವ ಪದ್ಧತಿ ಇದೆ. ಹೊಲ ಅವನದಾಗಿಯೇ ಉಳಿಯುತ್ತದೆ. ಹಾಗೆ ಹಣ ಕೊಟ್ಟು ಕೇಳುವುದಾದರೆ ನಾನು ವಿರೋಧಿಸುವುದಿಲ್ಲ. ಬರೀ ಆದೇಶ ಹೊರಡಿಸಿ ಕೇಳಿದರೆ, ಆ ಗಡಿಕಲ್ಲುಗಳನ್ನು ಮುಟ್ಟಿ ನಡೆದ ಮನುಷ್ಯನ ಪರವಾಗಿ ಒಪ್ಪಲಾರೆ.