ಮದುವೆ ಕಳೆ ಅಂದುಕೊಂಡಿದ್ದೆವು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮನ ಮಗಳು ಬೆಳ್ಳಗಾಗಿದ್ದಳು, ಕೆನ್ನೆ ತುಂಬಿಕೊಂಡಿತ್ತು. ನಿಶ್ಚಿತಾರ್ಥಕ್ಕೆ ಇನ್ನೊಂದು ತಿಂಗಳಿತ್ತು. "ಏನೇ ಪುಟ್ಟಿ, ಮದುವೆ ಕಳೆ ಆಗಲೇ ಬಂದುಬಿಟ್ಟಿದೆಯಲ್ಲೇ" ಅಂದವಳು ನಾನೇ. ಆ ಮಾತು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಬೇಡ ಅಕ್ಕ, ಉಳಿದಿದ್ದೆಲ್ಲ ಬರಿ" ಅಂದಳು.

ಅದು ಕಳೆ ಆಗಿರಲಿಲ್ಲ, ಬಾವು. ಬೆಳಗ್ಗೆ ಎದ್ದರೆ ಕಣ್ಣಿನ ರೆಪ್ಪೆ ದಪ್ಪಗಿರುತ್ತಿತ್ತು, ಸಂಜೆ ಹೊತ್ತಿಗೆ ಕಾಲು ಬಾತುಕೊಳ್ಳುತ್ತಿತ್ತು. ಕಣಕಾಲ ಹತ್ತಿರ ಹೆಬ್ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹೊಸ ಬ್ಲೌಸಿನ ತೋಳು ಮೊಣಕೈ ದಾಟಿ ಮೇಲೆ ಹೋಗದಿದ್ದಾಗ ಟೈಲರ್ ಅಳತೆ ತಪ್ಪಿದ್ದಾರೆ ಅಂತ ಚಿಕ್ಕಮ್ಮ ಜಗಳ ಆಡಿ ಬಂದಿದ್ದರು. ಬಚ್ಚಲಲ್ಲಿ ಮೂತ್ರದ ನೊರೆ ಎರಡು ಚೊಂಬು ನೀರು ಹುಯ್ದರೂ ಹೋಗುತ್ತಿರಲಿಲ್ಲವಂತೆ. ಅದನ್ನು ಹುಡುಗಿ ಯಾರಿಗೂ ಹೇಳಿರಲಿಲ್ಲ. ಹೇಳೋಕೆ ನಾಚಿಕೆ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಯಾರು ಯಾರಿಗೆ ಹೇಳುತ್ತಾರೆ?

ಮೊದಲು ತೋರಿಸಿದ ಕಡೆ ಥೈರಾಯ್ಡ್ ನೋಡಿದರು, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟಿದೆ ಅಂತ) ನೋಡಿದರು. ಎರಡೂ ಸರಿಯಾಗಿದ್ದವು. "ಕಿಡ್ನಿ ನಾರ್ಮಲ್ ಇದೆ, ಮೈಯಲ್ಲಿ ನೀರು ಕಟ್ಟಿಕೊಂಡಿದೆ" ಅಂತ ನೀರು ಇಳಿಸೋ ಮಾತ್ರೆ ಕೊಟ್ಟು ಕಳಿಸಿದರು. ಮೂತ್ರ ಪರೀಕ್ಷೆ ಮಾತ್ರ ಮಾಡಿಸಲಿಲ್ಲ. ಮೂರು ವಾರ ಕಳೆದ ಮೇಲೆ ಇನ್ನೊಬ್ಬ ಡಾಕ್ಟರು ಮಾಡಿಸಿದರು. ಪ್ರೋಟೀನ್ ನಾಲ್ಕು ಪ್ಲಸ್ ಬಂತು, ಅಂದರೆ ತುಂಬಾ ಹೆಚ್ಚು.

ಇದು ಯಾಕೆ ಹೀಗಾಗುತ್ತೆ ಅಂತ ನನಗೂ ಆಗಲೇ ಗೊತ್ತಾಗಿದ್ದು. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಸಣ್ಣ ಸಣ್ಣ ಉಂಡೆಗಳಿವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರುತ್ತವೆ, ಅದರ ಹೆಸರು ಗ್ಲೊಮೆರುಲಸ್. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಕಸವನ್ನು, ಹೆಚ್ಚಾದ ನೀರನ್ನು ಬಿಟ್ಟು ಪ್ರೋಟೀನನ್ನು ರಕ್ತದಲ್ಲೇ ಉಳಿಸಿಕೊಳ್ಳೋದು ಈ ಜಾಲರಿಯ ಕೆಲಸ. ಜಾಲರಿ ಕೆಟ್ಟರೆ ಪ್ರೋಟೀನ್ ಮೂತ್ರಕ್ಕೆ ಸೋರುತ್ತೆ. ಮೊಟ್ಟೆಯ ಬಿಳಿ ಭಾಗ ಕಡೆದರೆ ನೊರೆ ಬರುತ್ತಲ್ಲ, ಇದೂ ಅದೇ ಥರ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರು ರಕ್ತನಾಳದಲ್ಲಿ ನಿಲ್ಲದೆ ಚರ್ಮದಡಿಗೆ ಇಳಿಯುತ್ತೆ. ಆದರೆ ಕಸ ತೆಗೆಯೋ ಕೆಲಸ ಬಹಳ ದಿನ ನಡೆದೇ ಇರುತ್ತೆ, ಅದಕ್ಕೇ ಕ್ರಿಯಾಟಿನಿನ್ ಏರುವುದಿಲ್ಲ. ಅದು ಏರೋ ಹೊತ್ತಿಗೆ ಎಷ್ಟೋ ಉಂಡೆಗಳು ಗಟ್ಟಿಯಾಗಿ ಸತ್ತು ಹೋಗಿರುತ್ತವೆ. ನೋವಂತೂ ಸಾಮಾನ್ಯವಾಗಿ ಇರುವುದೇ ಇಲ್ಲ.

ಬಯಾಪ್ಸಿ ಮಾಡಿದರು. ಹೊಟ್ಟೆ ಕೆಳಗೆ ದಿಂಬಿಟ್ಟು ಬೋರಲಾಗಿ ಮಲಗಿಸಿ, ಬೆನ್ನ ಕಡೆಯಿಂದ ಸ್ಪ್ರಿಂಗ್ ಸೂಜಿಯಲ್ಲಿ ದಾರದೆಳೆಯಷ್ಟು ಚೂರು ತೆಗೆದರು. "ಟಕ್ ಅಂತ ಒಂದು ಸದ್ದು ಅಕ್ಕ, ಅಷ್ಟೇ" ಅಂದಳು. ಮೆಂಬ್ರೇನಸ್ ನೆಫ್ರೋಪತಿ, ಅಂದರೆ ಆ ಜಾಲರಿಯೇ ಕೆಡೋ ಕಾಯಿಲೆ ಅಂತ ರಿಪೋರ್ಟ್ ಬಂತು, ನೆಲ್-1 ಅನ್ನೋ ಪ್ರೋಟೀನ್ ಪಾಸಿಟಿವ್. ಅದನ್ನು ಓದಿದ ಡಾಕ್ಟರು ಮೇಲೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮುಖಕ್ಕೆ ಏನು ಹಚ್ಚುತ್ತೀಯಮ್ಮ?"

ಹುಡುಗಿ ಅಮ್ಮನ ಮುಖ ನೋಡಿದಳು. ಚಿಕ್ಕಮ್ಮ ನೆಲ ನೋಡಿದರು.

ಹುಡುಗನ ಮನೆಯವರು ನೋಡಿಕೊಂಡು ಹೋದ ಮೇಲೆ "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ..." ಅಂತ ಯಾರೋ ಅಂದಿದ್ದರಂತೆ. ಯಾರದೋ ಪರಿಚಯದ ಮೇಲೆ ಒಂದು ಕ್ರೀಮ್ ತರಿಸಿದ್ದರು. ಬೆರಳುದ್ದದ ಡಬ್ಬಿ. ಅದರ ಮೇಲೆ ಏನೇನು ಹಾಕಿದ್ದಾರೆ ಅಂತಲೂ ಇಲ್ಲ, ಎಲ್ಲಿ ಮಾಡಿದ್ದು ಅಂತಲೂ ಇಲ್ಲ. ಎರಡೇ ವಾರಕ್ಕೆ ಬಿಳುಪು ಕಂಡಿತ್ತು. ಕಾಣದೆ ಇನ್ನೇನು, ಇಂಥ ಕ್ರೀಮ್‌ಗೆ ಸೇರಿಸೋ ಪಾದರಸ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗೋದನ್ನೇ ತಡೆಯುತ್ತೆ. ಆ ಪಾದರಸವೇ ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗುತ್ತೆ. ಅವಳ ರಕ್ತ ಪರೀಕ್ಷೆಯಲ್ಲೂ ಪಾದರಸ ಸಿಕ್ಕಿತು.

ಇದು ನಮ್ಮೊಬ್ಬರ ಮನೆಯ ಕಥೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಕಿಡ್ನಿ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿಗೆ ಬಂದ 22 ಮೆಂಬ್ರೇನಸ್ ರೋಗಿಗಳ ಲೆಕ್ಕ ತೆಗೆದರು. 15 ಜನರಲ್ಲಿ ಇದೇ ನೆಲ್-1 ಇತ್ತು. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಅಂತ ಹೆಸರಿಟ್ಟು ಅಂಗಡಿಗಳನ್ನು ತಪಾಸಣೆ ಮಾಡಿತು. ನಮ್ಮಲ್ಲೂ ಬೇಕು, ಮದುವೆ ಸೀಸನ್‌ಗೆ ಮುಂಚೆ ಬೇಕು. ವಿಷಯ ಹೊಸದೂ ಅಲ್ಲ. 1972ರಲ್ಲೇ ಕೀನ್ಯಾದ ನೈರೋಬಿಯಲ್ಲಿ ಹೀಗೆ ಬಾವು ಬಂದು ಪ್ರೋಟೀನ್ ಸೋರುತ್ತಿದ್ದ 60 ಜನರನ್ನು ವೈದ್ಯರು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಪಾದರಸದ ಕ್ರೀಮ್ ಹಚ್ಚಿದ್ದರು. ಅಲ್ಲಿಂದ ಇಲ್ಲಿಗೆ ಐವತ್ತು ವರ್ಷ, ನಾವಿನ್ನೂ ಹುಡುಗಿಯರ ಮುಖಕ್ಕೆ ಅದನ್ನೇ ಬಳಿಯುತ್ತಿದ್ದೇವೆ.

ಮೆಂಬ್ರೇನಸ್ ಪ್ರತಿ ಸಲವೂ ಕ್ರೀಮ್‌ನಿಂದಲೇ ಬರುವುದಿಲ್ಲ. ಬಹಳ ಜನರಿಗೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಜಾಲರಿಯ ಮೇಲೆ ತಿರುಗಿಬೀಳುತ್ತೆ. ನೆಲ್-1 ಇದ್ದರೆ ಕೆಲವರಲ್ಲಿ ಕ್ಯಾನ್ಸರ್ ಇರಬಹುದು ಅಂತಲೂ ಹುಡುಕುತ್ತಾರೆ. ಪಾದರಸ ಸೇರಿದ ನಾಟಿ ಔಷಧಿ ತಗೊಂಡವರಲ್ಲೂ ಇದು ಕಂಡಿದೆ. ಸೋಸುವ ಉಂಡೆಗಳನ್ನು ಕೆಡಿಸುವುದರಲ್ಲಿ ಸಕ್ಕರೆ ಕಾಯಿಲೆಯದು ದೊಡ್ಡ ಪಾಲು. ಕಾರಣ ಯಾವುದೇ ಇರಲಿ, ಸೋರಿಕೆಯನ್ನು ಬೇಗ ಕಂಡುಹಿಡಿಯೋ ದಾರಿ ಮೂತ್ರ ಪರೀಕ್ಷೆ. ಸಕ್ಕರೆ, ಬಿಪಿ ಇದ್ದವರಂತೂ "ಕ್ರಿಯಾಟಿನಿನ್ ನಾರ್ಮಲ್" ಅಂತ ಸಮಾಧಾನ ಮಾಡಿಕೊಳ್ಳದೆ "ಯೂರಿನ್‌ನಲ್ಲಿ ಪ್ರೋಟೀನ್ ನೋಡಿ ಡಾಕ್ಟ್ರೇ" ಅಂತ ಬಾಯಿಬಿಟ್ಟು ಕೇಳಿ.

ಇವತ್ತೇ ಮನೆಯಲ್ಲಿರೋ ಡಬ್ಬಿ ತಿರುಗಿಸಿ ನೋಡಿ. ಒಳಗಿರೋ ವಸ್ತುಗಳ ಪಟ್ಟಿ ಇಲ್ಲದಿದ್ದರೆ, ಮರ್ಕ್ಯುರಿ (ಪಾದರಸ) ಅಥವಾ ಕ್ಯಾಲೊಮೆಲ್ (ಅದೂ ಪಾದರಸದ್ದೇ) ಅಂತ ಇದ್ದರೆ, ಚಿನ್ನ ಬೆಳ್ಳಿಗೆ ತಾಗಿಸಬೇಡಿ ಅಂತ ಬರೆದಿದ್ದರೆ ಹಚ್ಚಬೇಡಿ. ಒಬ್ಬರು ಹಚ್ಚಿದರೂ ಟವೆಲ್, ದಿಂಬಿನ ಮೂಲಕ ಮನೆಯ ಮಕ್ಕಳಿಗೂ ತಾಗುತ್ತೆ.

ಹುಡುಗನ ಮನೆಯವರಿಗೆ ಹೇಳೋದಾ ಬೇಡವಾ ಅಂತ ಚಿಕ್ಕಮ್ಮ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. "ಕಿಡ್ನಿ ಅಂದರೆ ಮುಗಿದೇ ಹೋಯ್ತು ಕಣೇ, ಡಯಾಲಿಸಿಸ್ ಅಂದುಕೋತಾರೆ" ಅಂತ ನನ್ನ ಕೈ ಹಿಡಿದುಕೊಂಡು ಅತ್ತರು. ಕೊನೆಗೆ ಹುಡುಗಿಯೇ ಅವನಿಗೆ ಫೋನ್ ಮಾಡಿ, ಕ್ರೀಮ್‌ನಿಂದ ಹಿಡಿದು ನೊರೆಯವರೆಗೆ ಎಲ್ಲ ಹೇಳಿದಳು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು, ಮುರಿಯಲಿಲ್ಲ.

ಕ್ರೀಮ್ ನಿಲ್ಲಿಸಿ, ಸೋರಿಕೆ ತಗ್ಗಿಸೋ ಮಾತ್ರೆ ತಗೊಂಡು ಏಳು ತಿಂಗಳಾಯಿತು. ದಿನಕ್ಕೆ 7 ಗ್ರಾಂ ಹೋಗುತ್ತಿದ್ದ ಪ್ರೋಟೀನ್ ಈಗ 1 ಗ್ರಾಂ ಹತ್ತಿರ ಬಂದಿದೆ. ಪೂರ್ತಿ ನಿಂತಿಲ್ಲ, ಮಾತ್ರೆ ನಡೀತಿದೆ. ಬಣ್ಣ ಮೊದಲಿನದೇ ಬಂದಿದೆ. ಹೋದ ಭಾನುವಾರ ಆ ಬ್ಲೌಸ್ ಹಾಕಿಕೊಂಡು ಫೋಟೊ ಕಳಿಸಿದ್ದಳು, "ನೋಡಕ್ಕ, ತೋಳು ಹತ್ತಿತು" ಅಂತ.